ಹತ್ತಕ್ಕೊಂದು ಕೊಸರು

ತಾಳವಾಡಿಯಲ್ಲಿ ನಮ್ಮ ಶಿಶುಶಾಲೆ ನಡೆದ ಕೋಣೆಯಲ್ಲಿ ಅದಕ್ಕೆ ಮೊದಲು ರೇಷ್ಮೆ ಹುಳು ಸಾಕುತ್ತಿದ್ದರು. ಎರಡು ಬೆಳೆ ರೋಗಕ್ಕೆ ಹೋದ ಮೇಲೆ ಮನೆಯವರು ಬೇಸತ್ತು, ಸುಣ್ಣ ಬಳಿದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಹುಳು ಮೇಯಿಸುವ ಬಿದಿರು ತಟ್ಟೆಗಳೂ ಅವನ್ನು ಜೋಡಿಸುವ ಸ್ಟ್ಯಾಂಡುಗಳೂ ಗೋಡೆಗೆ ಒರಗಿಕೊಂಡು ಹಾಗೆಯೇ ಉಳಿದಿದ್ದವು. ಮಾಂಟೆಸರಿ ಪದ್ಧತಿಯಲ್ಲಿ ಪ್ರತಿ ಸಾಮಾನಿಗೂ ತನ್ನದೇ ಒಂದು ತಟ್ಟೆ, ತನ್ನದೇ ಒಂದು ಜಾಗ ಇರಬೇಕು. ಅದು ಮಗುವಿನ ಕೈಗೆ ಎಟುಕಬೇಕು. ಮೇಲಿನ ಎರಡು ಸಾಲು ಬಿಟ್ಟರೆ ಹುಳುಗಳ ವ್ಯವಸ್ಥೆ ಮಕ್ಕಳಿಗೂ ಸರಿಹೋಯಿತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಆ ಕಾಲದ ಒಂದು ನೋಟ್‌ಬುಕ್ ನನ್ನ ಬಳಿ ಉಳಿದಿದೆ. ಅದರಲ್ಲಿ ದಿನ, ತಿಂಗಳು ಇವೆ; ವರ್ಷ ಇಲ್ಲ. ಆ ವರ್ಷ ಮುಗಿಯುತ್ತದೆ ಎಂದು ಆಗ ಹೊಳೆದಿರಲಿಕ್ಕಿಲ್ಲ. ಮಿಕ್ಕಂತೆ ಅದರಲ್ಲಿರುವುದು ಬರೀ ಸಂಖ್ಯೆಗಳು. ಯಾರು ಏನು ಹೇಳಿದರು ಎಂಬುದಕ್ಕೆ ನನ್ನ ನೆನಪೇ ಆಧಾರ. ಅದನ್ನು ನಾನು ಒಂದು ಹಂತದವರೆಗೆ ಮಾತ್ರ ನಂಬುತ್ತೇನೆ.

ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಸೇರಿ, ಒಂದೂವರೆ ವರ್ಷಕ್ಕೆ ಅದನ್ನು ಬಿಟ್ಟು, ಒಂದು ಕಾಲೇಜಿನಲ್ಲಿ ಎಂಟು ತಿಂಗಳು ಪಾಠ ಮಾಡಿ ಅದನ್ನೂ ಬಿಟ್ಟಿದ್ದೆ. ಆ ಹೊತ್ತಿಗೆ ಘಟ್ಟದ ಕೆಳಗಿನ ಒಂದು ತಮಿಳು ಟ್ರಸ್ಟಿನವರು, ತಮಿಳುನಾಡಿಗೆ ಸೇರಿದರೂ ಕನ್ನಡವಾಡುವ ತಾಳವಾಡಿಯಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದು, ನೋಡಿಕೊಳ್ಳಲು ಕನ್ನಡ ಬಲ್ಲ ಒಬ್ಬರನ್ನು ಹುಡುಕುತ್ತಿದ್ದರು. ಯಾಕೆ ಹೋಗುತ್ತೀಯ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೆ. ಅವುಗಳಲ್ಲಿ ನಿಜ ಯಾವುದಿತ್ತೋ ಈಗ ನನಗೂ ತಿಳಿಯದು. ಮಕ್ಕಳಿಗೆ ಕಲಿಸುವ ಬಗ್ಗೆ ನನಗೆ ಗೊತ್ತಿದ್ದದ್ದು ಟ್ರಸ್ಟಿನವರು ಕಳಿಸಿದ ಒಂದು ಪುಸ್ತಕದಲ್ಲಿ ಇದ್ದಷ್ಟು. ಅದನ್ನು ಬಸ್ಸಿನಲ್ಲಿ ಓದಿದ್ದೆ, ಹಾಸನೂರಿನವರೆಗೆ.

ಶಾಲೆಯಲ್ಲಿ ಇದ್ದ ಇನ್ನೊಬ್ಬರು ಅಕ್ಕ. ಮೂವತ್ತರ ಆಸುಪಾಸಿನ ಹೆಂಗಸು. ದಿನಾ ಬೆಳಿಗ್ಗೆ ದೊಡ್ಡಗಾಜನೂರಿನಿಂದ ಹಣೆಗೆ ವಿಭೂತಿ ಹಚ್ಚಿಕೊಂಡು ನಡೆದು ಬರುತ್ತಿದ್ದರು. ಮಕ್ಕಳು ‘ಅಕ್ಕ’ ಎನ್ನುತ್ತಿದ್ದರು, ಹಾಗಾಗಿ ನಾನೂ ಅಂದೆ. ಟ್ರಸ್ಟು ಅವರನ್ನು ನೇಮಿಸಿದ್ದು ಹತ್ತು ಗಂಟೆಗೆ ಮಕ್ಕಳಿಗೆ ಉಪ್ಪಿಟ್ಟು ಮಾಡಲು. ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಬರೆದು ಎರಡು ಸಲವೂ ಗಣಿತದಲ್ಲಿ ಫೇಲಾಗಿದ್ದರು. ಬೇರೆಯವರು ತಮ್ಮ ಊರು ಯಾವುದೆಂದು ಹೇಳುವ ಹಾಗೆ ಅದನ್ನು ಮೊದಲ ದಿನವೇ ನನಗೆ ಹೇಳಿದರು. ಮಕ್ಕಳು ಇದ್ದದ್ದು ಇಪ್ಪತ್ತೆರಡು. ಅಕ್ಕ ರವೆ ಅಳೆಯುತ್ತಿದ್ದದ್ದು ಇಪ್ಪತ್ತನಾಲ್ಕು ಪಾಲು. ಮೂರನೆಯ ದಿನ ಇದನ್ನು ಗಮನಿಸಿ, ಇವರು ಯಾಕೆ ಫೇಲಾದರು ಎಂದು ಗೊತ್ತಾಯಿತು ಎಂದುಕೊಂಡೆ.

ಆದರೆ ಮಕ್ಕಳು ನನ್ನ ಹತ್ತಿರ ಬರುತ್ತಿರಲಿಲ್ಲ. ಕಡ್ಡಿ, ಗುಂಡಿ, ಮರದ ತುಂಡು ಏನು ಹಿಡಿದರೂ ಒಲೆಯ ಕಡೆಗೆ ಹೋಗಿ ಅಕ್ಕನಿಗೆ ತೋರಿಸುತ್ತಿದ್ದವು. ಎರಡು ತಿಂಗಳಲ್ಲಿ ಅಕ್ಕ ಕಲಿಸುವುದು, ನಾನು ಬರೆದುಕೊಳ್ಳುವುದು ಎಂದಾಗಿಹೋಯಿತು. ಇದನ್ನು ಟ್ರಸ್ಟಿಗೆ ತಿಳಿಸಿದೆ. ಅವರಿಂದ ತಮಿಳಿನಲ್ಲಿ ಒಂದು ಪತ್ರ ಬಂತು. ಕೊಯಮತ್ತೂರಿನಿಂದ ಅನುಭವವಿರುವ ಒಬ್ಬ ಶಿಕ್ಷಕಿ ಬಂದು ಅಕ್ಕನ ಕೆಲಸ ನೋಡುತ್ತಾರೆ. ಅವರು ಒಪ್ಪಿದರೆ ಅಕ್ಕನನ್ನು ಒಂದು ವರ್ಷ ಕೊಯಮತ್ತೂರಿಗೆ ತರಬೇತಿಗೆ ಕಳಿಸಿ ಇಲ್ಲೇ ಟೀಚರ್ ಮಾಡುತ್ತೇವೆ. ಒಪ್ಪದಿದ್ದರೆ ಕೆಳಗಿನಿಂದ ತರಬೇತಾದವರನ್ನು ಕಳಿಸುತ್ತೇವೆ, ಅಕ್ಕ ಅಡುಗೆ ಮುಂದುವರಿಸಲಿ. ನೋಡಬೇಕಾದ ಪಾಠ ಗಣಿತ.

ಅಕ್ಕ ಪತ್ರವನ್ನು ಒಮ್ಮೆ ನನಗಾಗಿ, ಒಮ್ಮೆ ತಮಗಾಗಿ ಓದಿ ಮಡಿಸಿ ರವೆ ಡಬ್ಬದೊಳಗೆ ಇಟ್ಟರು.

“ಫೇಲಾದುದ್ರಲ್ಲೇ ಪರೀಕ್ಸೆ ಮಡಗವ್ರೆ ನೋಡಿ ಸಾ,” ಅಂದರು.

“ಮನೆಯಲ್ಲಿ ಒಪ್ಪುತ್ತಾರಾ ಅಕ್ಕ? ಒಂದು ವರ್ಷ.”

“ನಮ್ಮತ್ತೆ ಒಂದ್ಸಲ ಊಂ ಅಂದಾರು. ಎಲ್ಡನೇ ಸಲ ಅನ್ನಕಿಲ್ಲ. ಈ ಸಲ ಆದ್ರೆ ಆಯ್ತು, ಇಲ್ದಿದ್ರೆ ಇದೇ ಸೌಟು.”

ಪರೀಕ್ಷೆಗೆ ಬೇಕಾದ ಸಾಮಾನು ಸತ್ಯಮಂಗಲದಿಂದ ಬಸ್ಸಿನ ಟಾಪಿನ ಮೇಲೆ, ಘಟ್ಟದ ತಿರುವುಗಳನ್ನೆಲ್ಲ ಉರುಳಾಡಿಕೊಂಡು ಬಂತು. ಒಂದು ಪೆಟ್ಟಿಗೆ ತುಂಬ ಹೊಂಬಣ್ಣದ ಮಣಿಗಳು. ಬಿಡಿ ಮಣಿ ಎಂದರೆ ಒಂದು. ಹತ್ತು ಮಣಿಯನ್ನು ತಂತಿಗೆ ಪೋಣಿಸಿದರೆ ಒಂದು ಕಡ್ಡಿ. ಹತ್ತು ಕಡ್ಡಿ ಸೇರಿಸಿ ಕಟ್ಟಿದರೆ ನೂರರ ಚೌಕ. ಹತ್ತು ಚೌಕ ಪೇರಿಸಿದರೆ ಸಾವಿರದ ಘನ. ಅದನ್ನು ನಾಲ್ಕು ವರ್ಷದ ಮಗು ಎರಡೂ ಕೈಯಲ್ಲಿ ಎತ್ತಬೇಕು. ಸಾವಿರ ಎಂಬುದಕ್ಕೆ ತೂಕ ಇದೆ ಎಂದು ನನಗೆ ಗೊತ್ತಾದದ್ದೂ ಆಗಲೇ. ಅಲ್ಲಿಯವರೆಗೆ ಅದು ಮೂರು ಸೊನ್ನೆಯಾಗಿತ್ತು.

ಇವುಗಳಿಂದ ಆಡುವ ಆಟ ಸರಳ. ಒಂದು ಮಗು ಚಾಪೆಯ ಮೇಲೆ ಮಣಿಗಳನ್ನೆಲ್ಲ ಇಟ್ಟುಕೊಂಡು ಕೂರುತ್ತದೆ. ಉಳಿದವರ ಹತ್ತಿರ ಒಂದಿಷ್ಟು ಬಿಡಿ ಮಣಿ. ಹತ್ತು ಬಿಡಿ ತಂದುಕೊಟ್ಟರೆ ಒಂದು ಕಡ್ಡಿ ಸಿಗುತ್ತದೆ. ಇಪ್ಪತ್ತಮೂರು ಮಣಿ ಇದ್ದ ಮಗು ಎರಡು ಕಡ್ಡಿ, ಮೂರು ಬಿಡಿ ಹಿಡಿದು ವಾಪಸ್ಸಾಗುತ್ತದೆ. ಮಣಿ ಇಟ್ಟುಕೊಂಡು ಕೂತ ಮಗುವನ್ನು ಪುಸ್ತಕ ‘ಬ್ಯಾಂಕ್’ ಎಂದಿತ್ತು. ನಮ್ಮ ಮಕ್ಕಳು ಅದನ್ನು ‘ಅಂಗಡಿ’ ಎಂದವು. ಅಂಗಡಿಗೆ ಸದಾ ಕೂರುತ್ತಿದ್ದದ್ದು ಐದು ವರ್ಷದ ಒಬ್ಬ ಹುಡುಗಿ. ಅವಳ ತಾತ ಸುಗ್ಗಿಯಲ್ಲಿ ಊರವರ ಕಣಗಳಲ್ಲಿ ರಾಗಿ ಅಳೆದುಕೊಡುವವನು. ಎಣಿಸುವಾಗ ಅವಳು ಒಂದು ಎನ್ನುತ್ತಿರಲಿಲ್ಲ. “ಲಾಬ, ಎಲ್ಡು, ಮೂರು” ಎನ್ನುತ್ತಿದ್ದಳು. ಕಣದಲ್ಲಿ ಅಳತೆಯ ಮೊದಲ ಬಳ್ಳವನ್ನು ಒಂದು ಎನ್ನದೆ ಲಾಭ ಎಂದೇ ಅಳೆಯುವುದು. ನಾನು ಒಂದು ವಾರ ಕೂತು ಅದನ್ನು ತಿದ್ದಿದೆ. ಊರಿನ ಅಭ್ಯಾಸಗಳನ್ನು ತಿದ್ದುವ ಕೆಲಸ ಅಲ್ಲಿಗೆ ಮುಗಿಯಿತು ಎಂದು ಭಾವಿಸಿದೆ.

ಆಮೇಲೆ ನೋಡಿದರೆ ಯಾವ ಮಗುವಿನ ಉತ್ತರವೂ ಸರಿಯಾಗಿರಲಿಲ್ಲ.

ಆಡುವ ಮಕ್ಕಳ ಮೇಲೆ ಬಗ್ಗಿ ನಿಲ್ಲಬಾರದು, ದೂರ ಕೂತು ಗಮನಿಸಬೇಕು ಎಂದು ಪುಸ್ತಕ ಹೇಳಿತ್ತು. ಹಾಗಾಗಿ ನಾನು ಕಿಟಕಿಯ ಪಕ್ಕ ಕೂತು, ಪ್ರತಿ ಮಗುವಿಗೆ ಮೊದಲು ಎಷ್ಟು ಕೊಟ್ಟೆ, ಕೊನೆಗೆ ಎಷ್ಟು ತಂದಿತು ಎಂಬುದನ್ನಷ್ಟೇ ಬರೆಯುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಇದೆ: ಇಪ್ಪತ್ತಮೂರು ಕೊಟ್ಟರೆ ಇಪ್ಪತ್ತೈದು. ಹತ್ತೊಂಬತ್ತು ಕೊಟ್ಟರೆ ಇಪ್ಪತ್ತೊಂದು. ಹದಿನಾಲ್ಕು ಕೊಟ್ಟರೆ ಹದಿನೈದು. ಸಂಜೆ ಎಲ್ಲ ಮಣಿಗಳನ್ನು ಎಣಿಸಿದರೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಬೇರೆ ದಿನ, ಬೇರೆ ಮಗು, ತಪ್ಪು ಮಾತ್ರ ಅದೇ. ಎಲ್ಲರೂ ಒಂದೇ ರೀತಿ ತಪ್ಪು ಮಾಡುವುದಾದರೆ ಅದಕ್ಕೆ ಒಂದು ನಿಯಮ ಇರಬೇಕು.

ಒಂದು ಭಾನುವಾರ ಮಧ್ಯಾಹ್ನ ಕೂತು ನಿಯಮ ಕಂಡುಹಿಡಿದೆ. ಮಕ್ಕಳು ಹತ್ತರಲ್ಲಿ ಎಣಿಸುತ್ತಿರಲಿಲ್ಲ, ಒಂಬತ್ತರಲ್ಲಿ ಎಣಿಸುತ್ತಿದ್ದರು. ಇಪ್ಪತ್ತಮೂರರಲ್ಲಿ ಒಂಬತ್ತರ ಎರಡು ಗುಂಪು, ಮಿಕ್ಕಿದ್ದು ಐದು. ಅವರ ಲೆಕ್ಕದಲ್ಲಿ ಎರಡು ಕಡ್ಡಿ, ಐದು ಬಿಡಿ. ಒಂಬತ್ತರ ಮಗ್ಗಿಯ ಸಂಖ್ಯೆಗಳಲ್ಲಿ ಮಾತ್ರ ಸ್ವಲ್ಪ ಎಡವಟ್ಟಿತ್ತು. ಅದಕ್ಕೂ ಒಂದು ಸೂತ್ರ ಬರೆದೆ. ಒಟ್ಟು ನಾಲ್ಕು ಪುಟ. ಬೆಟ್ಟದ ಜನರಲ್ಲಿ ಹಿಂದೆಂದೋ ಒಂಬತ್ತರ ಎಣಿಕೆ ಇದ್ದಿರಬಹುದು, ಅದು ಮಕ್ಕಳಲ್ಲಿ ಉಳಿದಿರಬಹುದು ಎಂದು ಐದನೆಯ ಪುಟ ಆರಂಭಿಸಿದ್ದೆ. ಬಿಟ್ಟುಬಂದ ಸಂಶೋಧನೆ ನನ್ನನ್ನು ಹುಡುಕಿಕೊಂಡು ಘಟ್ಟ ಹತ್ತಿದೆ ಎಂದೂ ಅನ್ನಿಸಿರಬೇಕು. ಆ ಪುಟವನ್ನು ಆಮೇಲೆ ಹರಿದಿದ್ದೇನೆ. ಅಂಚು ಮಾತ್ರ ಉಳಿದಿದೆ.

ಸೋಮವಾರ ಅಕ್ಕನಿಗೆ ಇದನ್ನು ವಿವರಿಸಿದೆ. ಅವರು ಈರುಳ್ಳಿ ಹೆಚ್ಚುತ್ತ ಪೂರ್ತಿ ಕೇಳಿದರು.

“ಕೊಸರು ಕಳುದ್ರಾ ಸಾ?” ಅಂದರು.

“ಏನು?”

“ಕೊಸರು. ಅಂಗ್ಡಿ ಉಡ್ಗಿ ಅತ್ತು ಮಣಿ ಇಸ್ಕಂಡು ಒಂದು ಕಡ್ಡಿ ಕೊಟ್ರೆ, ಮ್ಯಾಲೆ ಒಂದು ಮಣಿ ಕೊಸರು ಕೊಡ್ತಾಳೆ. ನೀವು ನೋಡ್ನಿಲ್ವಾ? ಎಲ್ರೂವೆ ಅಂಗೇ ತಾನೆ ಕೊಡೋದು? ಅವ್ರ ತಾತ ಇಪ್ಪತ್ತು ಬಳ್ಳ ಅಳುದ್ರೆ ಮ್ಯಾಲೆ ಎಲ್ಡು ಬೊಗಸೆ ಆಕ್ಬುಟ್ಟೇ ಏಳೋದು.”

ನಾನು ನೋಡಿರಲಿಲ್ಲ. ದೂರ ಕೂತಿದ್ದೆ.

ಹತ್ತು ಕಡ್ಡಿಗೆ ಚೌಕ ಕೊಡುವಾಗ ಆ ಹುಡುಗಿ ಒಂದು ಕಡ್ಡಿಯನ್ನೇ ಕೊಸರು ಕೊಡುತ್ತಾಳೆ, ದೊಡ್ಡ ವ್ಯಾಪಾರಕ್ಕೆ ದೊಡ್ಡ ಕೊಸರು ಎಂಬುದನ್ನೂ ಅಕ್ಕನೇ ತಿಳಿಸಿದರು. “ಪಾಪ, ಕೈ ದೊಡ್ಡುದು ಕಣ ಸಾ ಅವ್ಳುದು,” ಅಂದರು.

ಕೊಯಮತ್ತೂರಿನವರು ಬರಲು ಎರಡು ವಾರ ಇತ್ತು. ಇಪ್ಪತ್ತಮೂರು ಇಪ್ಪತ್ತೈದಾದರೆ ಅಕ್ಕನ ಗತಿ ಏನು ಎಂದು ನಾನು ಹೇಳಬೇಕಾಗಿರಲಿಲ್ಲ. ಆದರೂ ಹೇಳಿದೆ. ಕೊಸರು ನಿಲ್ಲಿಸಲು ಹೇಳಿ ಎಂದೆ. ಅಕ್ಕ ಒಲೆಯ ಕಡೆ ತಿರುಗಿಕೊಂಡರು.

“ನಾನೇಳಕಿಲ್ಲ. ಕೊಡ್ಬ್ಯಾಡ ಅಂತ ಮಕ್ಳಿಗೆ ಎಂಗೇಳದು? ನಾಳೀಕೆ ಅವು ಮನೇಲೂ ಅಂಗೇ ಮಾಡ್ತವೆ. ಬೇಕಾದ್ರೆ ನೀವೇ ಏಳ್ಕಳಿ.”

ನಾನೇ ಹೇಳಿದೆ. ಹುಡುಗಿ ಚಾಪೆಯ ಮೇಲಿನ ಮಣಿಗಳನ್ನು ನೋಡಿದಳು.

“ಯಾಕ್ಸಾ? ನಮ್ಮಂಗ್ಡೀಲಿ ಮಣಿ ಕಮ್ಮಿ ಅವಾ?”

“ಕಮ್ಮಿ ಇಲ್ಲ. ಲೆಕ್ಕ ಸರಿಯಾಗಬೇಕು.”

“ಅತ್ತು ಸರಿಯಾಗೇ ಎಣಿಸ್ಕತೀನಿ ಕಣ್ಸಾ. ಕೊಸರು ಲೆಕ್ಕುಕ್ಕಿಲ್ಲ.”

ಇದು ನನ್ನ ನಾಲ್ಕು ಪುಟಗಳಲ್ಲಿ ಇಲ್ಲದ ಮಾತು. ಆದರೂ ಕೊಡಬಾರದು ಎಂದೆ. ಅವತ್ತಿನಿಂದ ಅಂಗಡಿಗೆ ಗಿರಾಕಿಗಳು ಬರುವುದು ನಿಂತಿತು. ಹತ್ತು ಮಣಿ ಕೈಯಲ್ಲಿ ಹಿಡಿದ ಒಬ್ಬ ಹುಡುಗ ಇನ್ನೊಬ್ಬನಿಗೆ, “ಬ್ಯಾಡ ಕಣ್ಲಾ, ಅವ್ಳು ಜಿಪುಣಿ ಆಗ್ಬುಟ್ಟವ್ಳೆ, ಅಲ್ಲಿಗೋಗ್ಬ್ಯಾಡ,” ಎನ್ನುವುದು ಕೇಳಿಸಿತು. ಹುಡುಗಿ ಮಣಿಗಳ ಮುಂದೆ ಒಬ್ಬಳೇ ಎರಡು ದಿನ ಕೂತಳು. ಅಳಲಿಲ್ಲ. ಮೂರನೆಯ ದಿನ ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ಅಕ್ಕ ಅವಳನ್ನು ಮನೆಯಿಂದ ಕೈಹಿಡಿದು ಕರೆತಂದರು. ಅಕ್ಕನ ಸೊಂಟದಲ್ಲಿ ಒಂದು ಗಂಟು ಇತ್ತು. ಅದನ್ನು ಬಿಚ್ಚಿ, ಹುರಿದ ಕಡಲೆಕಾಯಿ ಬೀಜವನ್ನು ಒಂದು ತೆಂಗಿನ ಚಿಪ್ಪಿಗೆ ಸುರಿದು, ಅದನ್ನು ಅಂಗಡಿಯ ಚಾಪೆಯ ಮೂಲೆಗೆ ಇಟ್ಟರು.

“ನೋಡವ್ವ, ಮಣಿ ಲೆಕ್ಕುದ್ದು. ಇದು ಕೊಸರಿಂದು. ಕಡ್ಡಿಗೆ ಒಂದು ಬೀಜ, ಚೌಕುಕ್ಕೆ ಎಲ್ಡು ಬೀಜ. ಮಣಿ ಮಾತ್ರ ಮುಟ್ಬ್ಯಾಡ.”

ಆ ದಿನದ ಪುಟದಲ್ಲಿ ಇಪ್ಪತ್ತಮೂರರ ಮುಂದೆ ಇಪ್ಪತ್ತಮೂರು ಎಂದಿದೆ. ಹತ್ತೊಂಬತ್ತರ ಮುಂದೆ ಹತ್ತೊಂಬತ್ತು. ಬೀಜಗಳು ಕೊಟ್ಟ ತಕ್ಷಣ ಬಾಯಿಗೆ ಹೋಗುತ್ತಿದ್ದವು, ಹಾಗಾಗಿ ಲೆಕ್ಕಕ್ಕೆ ಬೆರೆಯುವ ಪ್ರಶ್ನೆಯೇ ಇರಲಿಲ್ಲ. ಒಂಬತ್ತರ ಎಣಿಕೆ ಬೆಟ್ಟದಿಂದ ಅರ್ಧ ಗಂಟೆಯಲ್ಲಿ ಕಣ್ಮರೆಯಾಯಿತು.

ಆ ಪದ್ಧತಿಯಲ್ಲಿ ಮಗುವಿಗೆ ಬಹುಮಾನ ಕೊಡಬಾರದು. ಮಿಠಾಯಿ ತೋರಿಸಿ ಕಲಿಸುವುದು ಹೊಡೆದು ಕಲಿಸಿದಷ್ಟೇ ಕೆಟ್ಟದ್ದು. ಪುಸ್ತಕದ ಆ ಪುಟವನ್ನು ನಾನು ಓದಿದ್ದೆ. ಅದಕ್ಕೆ ಅಡಿಗೆರೆ ಎಳೆದದ್ದೂ ನಾನೇ. ಆದರೆ ಅದು ನೆನಪಿಗೆ ಬಂದದ್ದು, ಚಾಪೆಯ ಪಕ್ಕ ಕೂತು ಬರೆಯುತ್ತಿದ್ದ ಕೊಯಮತ್ತೂರಿನ ಶಿಕ್ಷಕಿ ಪೆನ್ನು ನಿಲ್ಲಿಸಿದಾಗ.

ಅವರು ಐವತ್ತು ದಾಟಿದ ಹೆಂಗಸು. ಘಟ್ಟದ ತಿರುವಿಗೆ ಹೊಟ್ಟೆ ತೊಳಸಿ, ಬಂದವರೇ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಎದ್ದು ತಟ್ಟೆಗಳನ್ನು ನೋಡಿದರು. ಇವು ಯಾವುದರ ತಟ್ಟೆ ಎಂದು ಕೇಳಿದರು. ಅಕ್ಕ ಹುಳು ಎಂದದ್ದಕ್ಕೆ ಕೈ ಒರೆಸಿಕೊಂಡರು. ಒಬ್ಬ ಹುಡುಗನಿಗೆ ತಾವೇ ಇಪ್ಪತ್ತಮೂರು ಮಣಿ ಎಣಿಸಿಕೊಟ್ಟರು. ಅವನು ಅಂಗಡಿಗೆ ಎರಡು ಸಲ ಹೋಗಿ ಎರಡು ಕಡ್ಡಿ, ಮೂರು ಬಿಡಿ ತಂದು ಅವರ ಮುಂದೆ ಇಟ್ಟ. ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹುಡುಗ ಅಂಗೈಯಲ್ಲಿದ್ದ ಎರಡು ಬೀಜಗಳನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.

“ತಿನ್ನುವುದು ಕೊಟ್ಟು ಲೆಕ್ಕ ಮಾಡಿಸುತ್ತೀರಾ?” ಎಂದು ಅವರು ತಮಿಳಿನಲ್ಲಿ ಕೇಳಿದರು. ದನಿ ಜೋರಿರಲಿಲ್ಲ. ಪುಸ್ತಕ ಮುಚ್ಚಿದರು.

ಇಲ್ಲಿಂದ ಮುಂದಿನದಕ್ಕೆ ನನ್ನ ಬಳಿ ಎರಡು ಹೇಳಿಕೆಗಳಿವೆ.

ಒಂದು ನನ್ನದು. ನಾನು ಮುಂದೆ ಬಂದು, ಇದು ಬಹುಮಾನವಲ್ಲ, ಲೆಕ್ಕಕ್ಕೆ ಸೇರುವುದನ್ನೂ ಸೇರದ್ದನ್ನೂ ಈ ಮಕ್ಕಳು ಬೇರೆ ಮಾಡಲು ಕಲಿತಿದ್ದಾರೆ, ಗಣಿತದ ಮೊದಲ ಮೆಟ್ಟಿಲೇ ಅದು ಎಂದು ಶಾಂತವಾಗಿ ವಿವರಿಸಿದೆ. ಅವರು ತಲೆದೂಗಿದರು. ಇದನ್ನು ಹಲವು ವರ್ಷ ಹಲವರಿಗೆ ಹೇಳಿದ್ದೇನೆ. ನಾನು ಆಡಿದ ಮಾತುಗಳು ಸಾಲುಸಾಲಾಗಿ ನೆನಪಿವೆ.

ಇನ್ನೊಂದು ಅಕ್ಕನದು. ಎಂಬತ್ತರ ದಶಕದ ನಡುವೆ ಒಮ್ಮೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವರೆದುರೇ ಈ ಕಥೆ ಹೇಳತೊಡಗಿದೆ. ಅವರು ನಡುವೆಯೇ ತಡೆದರು.

“ನೀವೆಲ್ಲಿ ಮಾತಾಡುದ್ರಿ ಸಾ? ಕಿಟಕೀತಾವ ನಿಂತ್ಕಂಡು ಸೀಮೆಸುಣ್ಣ ಮುರೀತಿದ್ರಿ. ನಾಕು ತುಂಡು ಮಾಡುದ್ರಿ. ಆಮ್ಯಾಕೆ ನಾನೇ ಗುಡುಸ್ದೆ.”

ಅವರ ಹೇಳಿಕೆಯ ಪರವಾಗಿ ಎರಡು ಸಾಕ್ಷ್ಯಗಳಿವೆ. ಒಂದು, ಆಗ ನನಗೆ ಬರುತ್ತಿದ್ದ ತಮಿಳು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು, ಕಾಫಿಗೆ ಸಕ್ಕರೆ ಕಡಿಮೆ ಎಂದು ಹೇಳಲು ಸಾಕಾಗುವಷ್ಟು. ‘ಲೆಕ್ಕಕ್ಕೆ ಸೇರದ್ದು’ ಎನ್ನಲು ಈಗಲೂ ನನಗೆ ಬರುವುದಿಲ್ಲ. ಎರಡು, ಆ ದಿನ ಕಳೆದುಕೊಳ್ಳುವುದು ಇದ್ದದ್ದು ಅವರಿಗೆ; ಅವರ ನೆನಪೇ ಗಟ್ಟಿ. ನೋಟ್‌ಬುಕ್ಕಿನಲ್ಲಿ ಆ ತಾರೀಖಿನ ಮುಂದೆ ‘23 – 23’ ಎಂದಷ್ಟೇ ಇದೆ. ಹಾಗಾಗಿ ಅವರ ಹೇಳಿಕೆಯನ್ನೇ ಇಲ್ಲಿ ಬರೆಯುತ್ತೇನೆ.

ಅಕ್ಕ ತಮಿಳಿನಲ್ಲೇ ಹೇಳಿದರಂತೆ: ಇದು ಕೊಸರು ಅಮ್ಮ. ನಿಮ್ಮೂರಲ್ಲಿ ತರಕಾರಿ ತಗೊಂಡರೆ ಮೇಲೆ ಕರಿಬೇವು ಹಾಕುವುದಿಲ್ಲವಾ? ಅದು ಬಹುಮಾನವಾ?

ಕೊಸರು ಏನೆಂದು ಕೊಯಮತ್ತೂರಿನವರಿಗೆ ತಿಳಿಯದಿರಲಿಲ್ಲ. ಅಲ್ಲಿಯೂ ಅದನ್ನು ಕೊಸುರು ಎಂದೇ ಕೇಳಿ ಇಸಿದುಕೊಳ್ಳುತ್ತಾರೆ. ಆದರೆ ತರಕಾರಿಯವನು ಪಾಠ ಹೇಳುವುದಿಲ್ಲ ಎಂದರು.

“ಬೌಮಾನ ಗೆದ್ದೋರ್ಗೆ ಕೊಡೋದಮ್ಮಾ, ಕೊಸರು ಬಂದೋರ್ಗೆಲ್ಲಾ ಅಂದೆ,” ಎಂದು ಅಕ್ಕ ನನಗೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರು. “ಬೇಕಾದ್ರೆ ನೀವೇ ಓಗಿ ಯಾಪಾರ ಮಾಡಿ ನೋಡಿ ಅಂದೆ.”

ಕೊಯಮತ್ತೂರಿನವರು ಹನ್ನೊಂದು ಬಿಡಿ ಮಣಿ ತೆಗೆದುಕೊಂಡು ಅಂಗಡಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಬೇಕೆಂದೇ ಒಂದು ಹೆಚ್ಚು. ಹುಡುಗಿ ಮಣಿಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು ಎಣಿಸಿದಳು. ಹೊಸಬರು ಎದುರಿಗಿದ್ದ ಗಾಬರಿಗೋ ಏನೋ ಲಾಭದಿಂದಲೇ ಶುರುಮಾಡಿದಳು. ಹತ್ತು ಮುಗಿದ ಮೇಲೆ ಉಳಿದ ಒಂದನ್ನು ಅವರ ಕಡೆಗೆ ತಳ್ಳಿದಳು.

“ಇದು ನಿಮ್ದು. ಜಾಸ್ತಿ ಕೊಟ್ಬುಟ್ರಿ.”

ಆಮೇಲೆ ಒಂದು ಕಡ್ಡಿ ಕೊಟ್ಟಳು. ಆಮೇಲೆ ಚಿಪ್ಪಿಗೆ ಕೈಹಾಕಿ, ಒಂದು ಬೀಜ ಆರಿಸಿ, ಸಿಪ್ಪೆ ಉಜ್ಜಿ ಊದಿ, ಅದನ್ನು ಅವರ ಅಂಗೈಗೆ ಇಟ್ಟಳು. ಅವರು ಕಡ್ಡಿಯನ್ನು ಇಟ್ಟುಕೊಂಡು ಬೀಜವನ್ನು ವಾಪಸ್ಸು ಚಾಚಿದರು.

“ಕೊಸರ ವಾಪಸ್ ಇಸ್ಕಣಕಿಲ್ಲ,” ಅಂದಳು ಹುಡುಗಿ, ಮುಂದಿನ ಗಿರಾಕಿಯ ಕಡೆ ನೋಡುತ್ತ.

ಅವರು ಆ ಬೀಜವನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು, ಪೆನ್ನಿನ ಜೊತೆ ಕೈಚೀಲಕ್ಕೆ ಹಾಕಿಕೊಂಡರು. ಇಷ್ಟರಲ್ಲಿ ಮಾತ್ರ ಅಕ್ಕನ ನೆನಪೂ ನನ್ನ ನೆನಪೂ ಒಂದೇ. ಮಧ್ಯಾಹ್ನದ ಬಸ್ಸಿಗೆ ಹೊರಟರು. ತೀರ್ಮಾನ ಪತ್ರದಲ್ಲಿ ಬರುತ್ತದೆ ಎಂದರು.

ಪತ್ರ ಬರುವವರೆಗೆ ಅಕ್ಕ ಅದರ ಮಾತೆತ್ತಲಿಲ್ಲ. ಆದರೆ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಉಪ್ಪಿಟ್ಟು ಎರಡು ಸಲ ತಳ ಹಿಡಿಯಿತು. ಪತ್ರ ಬಂದದ್ದು ಐದು ವಾರಕ್ಕೆ ಎಂದು ನಾನು, ಮೂರು ಎಂದು ಅವರು. ತರಬೇತಿಗೆ ಆಯ್ಕೆಯಾಗಿದ್ದಾರೆ ಎಂದಿತ್ತು. ಕೆಳಗೆ ಕೈಬರಹದಲ್ಲಿ ಇನ್ನೊಂದು ಸಾಲು: ಗಣಿತದ ಚಾಪೆಯ ಮೇಲೆ ತಿನ್ನುವ ಪದಾರ್ಥ ಇಡಕೂಡದು, ಹುಣಸೆ ಬೀಜ ಇಡಬಹುದು. ಅಕ್ಕ ಅದನ್ನು ಗಟ್ಟಿಯಾಗಿ ಓದಿ, “ಉಣ್ಸೆಬೀಜ್ವಾ? ಆಯ್ತು ಬುಡಿ, ಅದ್ಕೇನಂತೆ,” ಅಂದರು. ರವೆ ಡಬ್ಬದಲ್ಲಿದ್ದ ಹಳೆಯ ಪತ್ರ ತೆಗೆದು ಒಲೆಗೆ ಹಾಕಿದರು. ಅದರಲ್ಲಿ ಅತ್ತೆಗೆ ತೋರಿಸಬಾರದ್ದು ಏನೂ ಇರಲಿಲ್ಲ. ‘ಒಪ್ಪದಿದ್ದರೆ’ ಎಂಬ ವಾಕ್ಯ ಇತ್ತು, ಅಷ್ಟೆ.

ಜೂನಿನಲ್ಲಿ ಅಕ್ಕ ಒಂದು ಟ್ರಂಕು ಹಿಡಿದು ಕೊಯಮತ್ತೂರಿಗೆ ಹೋದರು. ಉಪ್ಪಿಟ್ಟು ಯಾರು ಮಾಡುತ್ತಾರೆ ಎಂಬುದನ್ನು ಟ್ರಸ್ಟಿನವರು ಯೋಚಿಸಿರಲಿಲ್ಲ. ಶಾಲೆಯಲ್ಲಿ ಉಳಿದ ದೊಡ್ಡವನು ನಾನೊಬ್ಬನೇ. ಹೊರಡುವ ಮೊದಲು ಅಕ್ಕ ಒಗ್ಗರಣೆಗೆ ಎಷ್ಟು ಎಣ್ಣೆ, ನೀರು ಎಷ್ಟು ಎಂದು ಹೇಳಿಕೊಟ್ಟು, “ಇಪ್ಪತ್ನಾಕು ಆಕಿ ಸಾ,” ಎಂದಿದ್ದರು. ಮಕ್ಕಳು ಇಪ್ಪತ್ತೆರಡೇ ಇದ್ದುದರಿಂದ ಮೊದಲ ದಿನ ನಾನು ಸರಿಯಾಗಿ ಇಪ್ಪತ್ತೆರಡು ಪಾಲು ಅಳೆದೆ.

ಬಡಿಸುವಾಗ ಪ್ರತಿ ಮಗುವಿಗೆ ಒಂದು ಸೌಟು. ಹಾಕಿದ ಮೇಲೂ ಮೊದಲನೆಯ ಮಗು ತಟ್ಟೆ ಹಿಂದಕ್ಕೆ ತೆಗೆಯಲಿಲ್ಲ. ಅದನ್ನು ಹಿಡಿದು ನಿಂತೇ ಇತ್ತು. ಸೌಟಿನ ತುದಿಯಲ್ಲಿ ಚೂರು ತೆಗೆದು ಹಾಕಿದೆ. ಆಗ ಹೋಯಿತು. ಎರಡನೆಯದೂ ನಿಂತಿತು. ಇಪ್ಪತ್ತು ಮಕ್ಕಳು ಮುಗಿಯುವ ಹೊತ್ತಿಗೆ ಪಾತ್ರೆಯ ತಳ ಕಂಡಿತು. ಉಳಿದವರು ಇಬ್ಬರು. ಅವರಲ್ಲಿ ಒಬ್ಬಳು ಅಂಗಡಿಯ ಹುಡುಗಿ. ಅವಳು ಪಾತ್ರೆಯೊಳಗೆ ಬಗ್ಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಎಷ್ಟಾಕುದ್ರಿ ಸಾ?”

“ಇಪ್ಪತ್ತೆರಡು.”

“ಕೊಸರಿಗೆ?”

ನನಗೆಂದು ತಂದಿಟ್ಟುಕೊಂಡಿದ್ದ ಎರಡು ಬನ್ನು ಅವರಿಬ್ಬರಿಗೆ ಹೋದವು. ನೋಟ್‌ಬುಕ್ಕಿನಲ್ಲಿ ಮರುದಿನದ ಪುಟದ ಮೇಲೆ ‘22ಕ್ಕೆ 24’ ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. ಆ ಸಂಖ್ಯೆಗಳು ಏನೆಂದು ನೆನಪಿಸಿಕೊಳ್ಳಲು ನನಗೆ ಯಾರ ಹೇಳಿಕೆಯೂ ಬೇಕಾಗಿಲ್ಲ.